ಪೇಟೆಂಟ್ ಮುಗಿದ ಇಂಜೆಕ್ಷನ್ ಅಗ್ಗ ಆಗ್ತದೆ, ಪೇಟೆಂಟ್ ಮುಗಿದ ಮ್ಯಾಗ್ನೆಟ್ ಮಾತ್ರ ಯಾಕೆ ಸಿಗುದಿಲ್ಲ?

ಈಚೆಗೆ ಪೇಪರ್ ಓದುವವರಿಗೆ ಗೊಂದಲ ಆದ್ರೆ ಅದು ಓದುವವರ ತಪ್ಪಲ್ಲ. ಒಂದು ಪುಟದಲ್ಲಿ ಸೆಮಾಗ್ಲುಟೈಡ್ ಅನ್ನುವ ಶುಗರ್ ಮತ್ತು ತೂಕ ಇಳಿಸುವ ಮದ್ದಿನ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚಿಗೆ ಮುಗೀತದೆ, ಇನ್ನು ಬೆಲೆ ಇಳೀತದೆ ಅಂತ ಸುದ್ದಿ. ಇನ್ನೊಂದು ಪುಟದಲ್ಲಿ ಚೀನಾದಿಂದ ಮ್ಯಾಗ್ನೆಟ್ ಬರುದು ತಡ, ಎಲೆಕ್ಟ್ರಿಕ್ ಸ್ಕೂಟರ್ ಮಾಡುವವರಿಗೆ ತಲೆಬಿಸಿ ಅಂತ. ಲೋಕಲ್ ಪುಟ ತಿರುಗಿಸಿದ್ರೆ ಮಂಗಳೂರು-ಉಡುಪಿ ಕಡೆಯ ಯಾವುದಾದ್ರೂ ಒಂದು ಕಾಲೇಜಿನ ಪ್ರಾಧ್ಯಾಪಕರಿಗೆ ಪೇಟೆಂಟ್ ಸಿಕ್ಕಿತು ಅಂತ ಫೋಟೋ ಸಮೇತ ಉಂಟು, ಕೆಲವೊಮ್ಮೆ ಎಂಜೈಮಿಗೆ, ಕೆಲವೊಮ್ಮೆ ಹೊಸ ನಮೂನೆಯ ಮೋಟರಿಗೆ.

ಮೊದಲನೆಯದ್ರಲ್ಲಿ ಪೇಟೆಂಟ್ ಮುಗಿಯುದು ಒಳ್ಳೆ ಸುದ್ದಿ, ಮೂರನೆಯದ್ರಲ್ಲಿ ಪೇಟೆಂಟ್ ಸಿಗುದು ಒಳ್ಳೆ ಸುದ್ದಿ. ನಡುವಿನ ಮ್ಯಾಗ್ನೆಟ್ ಸುದ್ದಿಯಲ್ಲಿ ಪೇಟೆಂಟಿನ ಹೆಸರೇ ಇರುದಿಲ್ಲ, ಆದ್ರೆ ಆ ಮ್ಯಾಗ್ನೆಟ್ಟಿನ ಮೂಲ ಪೇಟೆಂಟುಗಳು ಮುಗಿದು ವರ್ಷಗಳೇ ಆದ್ವು, ಆದ್ರೂ ನಮಗೆ ಅದನ್ನು ಮಾಡಿಕೊಳ್ಳಿಕ್ಕೆ ಆಗ್ತಾ ಇಲ್ಲ. ಒಂದು ಕಡೆ ಪೇಟೆಂಟ್ ಹೋದ ಕೂಡ್ಲೆ ಬಾಗಿಲು ತೆರೀತದೆ, ಇನ್ನೊಂದು ಕಡೆ ಬಾಗಿಲು ತೆರೆದೇ ಇದ್ರೂ ಒಳಗೆ ಹೋಗ್ಲಿಕ್ಕೆ ಆಗುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳ್ಕೊಳ್ಳದೆ ಲೋಕಲ್ ಪುಟದ ಪೇಟೆಂಟ್ ಸುದ್ದಿಗೆ ಎಷ್ಟು ಬೆಲೆ ಕೊಡ್ಬೇಕು ಅಂತ ಹೇಳ್ಲಿಕ್ಕೆ ಸಾಧ್ಯ ಇಲ್ಲ.

ಪೇಟೆಂಟ್ ಕೊಡುದು ತಡೆಯುವ ಹಕ್ಕು

ತುಂಬ ಜನ ತಿಳ್ಕೊಂಡಿರುದು ಪೇಟೆಂಟ್ ಅಂದ್ರೆ ಆ ವಸ್ತುವನ್ನು ಮಾಡಿ ಮಾರ್ಲಿಕ್ಕೆ ಸರ್ಕಾರ ಕೊಟ್ಟ ಪರ್ಮಿಶನ್ ಅಂತ. ಹಾಗಲ್ಲ. ಬೇರೆಯವರು ಅದನ್ನು ಮಾಡದ ಹಾಗೆ, ಮಾರದ ಹಾಗೆ, ಇಂಪೋರ್ಟ್ ಮಾಡದ ಹಾಗೆ ತಡೆಯುವ ಹಕ್ಕು ಅದು. ನೀವು ಮೋಟರಿನ ರೋಟರಿನಲ್ಲಿ, ಅಂದ್ರೆ ತಿರುಗುವ ಭಾಗದಲ್ಲಿ, ಮ್ಯಾಗ್ನೆಟ್ ಕೂರಿಸುವ ಒಂದು ಹೊಸ ಕ್ರಮ ಕಂಡುಹಿಡಿದು ಪೇಟೆಂಟ್ ತಗೊಂಡ್ರಿ ಅಂತ ಇಟ್ಕೊಳ್ಳಿ, ಆದ್ರೆ ಆ ಮ್ಯಾಗ್ನೆಟ್ ಇನ್ನೊಬ್ಬರ ಪೇಟೆಂಟಿನ ಒಳಗೆ ಉಂಟು ಅಂತಾದ್ರೆ ಅವರ ಒಪ್ಪಿಗೆ ಇಲ್ಲದೆ ನಿಮ್ಮ ಮೋಟರನ್ನು ನೀವೇ ಮಾಡ್ಲಿಕ್ಕೆ ಆಗುದಿಲ್ಲ.

ಇದಕ್ಕೆ ಬದಲಾಗಿ ಪೇಟೆಂಟ್ ತಗೊಂಡವರು ಒಂದು ಕೊಡ್ಬೇಕು. ಆ ವಿಷಯ ಬಲ್ಲ ಇನ್ನೊಬ್ಬ ಓದಿ ಮಾಡಿಕೊಳ್ಳುವಷ್ಟು ಸ್ಪಷ್ಟವಾಗಿ ಕೆಲಸದ ಗುಟ್ಟನ್ನು ಬರೆದು ಎಲ್ಲರ ಮುಂದೆ ಇಡ್ಬೇಕು, ನಮ್ಮ 1970ರ ಪೇಟೆಂಟ್ ಕಾಯ್ದೆಯ 10ನೇ ಸೆಕ್ಷನ್ ಕೇಳುದು ಇದನ್ನೇ. ಅರ್ಜಿ ಹಾಕಿದ ದಿನದಿಂದ 20 ವರ್ಷ, ಆಮೇಲೆ ಅದು ಎಲ್ಲರದ್ದು. ಮತ್ತೆ ಪೇಟೆಂಟಿಗೆ ದೇಶದ ಗಡಿ ಉಂಟು, ಭಾರತದ ಪೇಟೆಂಟ್ ಭಾರತದಲ್ಲಿ ಮಾತ್ರ ನಡೀತದೆ.

ಪೇಟೆಂಟ್ ಕಾಗದದಲ್ಲಿ ಅತಿ ಮುಖ್ಯವಾದ ಭಾಗ ಕೊನೆಯಲ್ಲಿ ಬರುವ ಕ್ಲೇಮುಗಳು. ಜಾಗದ ಕಾಗದದಲ್ಲಿ ಚಕ್ಕುಬಂದಿ ಬರೀತಾರಲ್ವಾ, ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಇಂಥವರ ಅಡಿಕೆ ತೋಟ ಅಂತ, ಹಾಗೆಯೇ ಕ್ಲೇಮ್ ಅಂದ್ರೆ ಆವಿಷ್ಕಾರದ ಚಕ್ಕುಬಂದಿ. ಹೆಡ್ಡಿಂಗಿನಲ್ಲಿ ಎಷ್ಟೇ ದೊಡ್ಡ ಮಾತು ಇರ್ಲಿ, ಹಕ್ಕು ಇರುದು ಚಕ್ಕುಬಂದಿಯ ಒಳಗೆ ಮಾತ್ರ. ಪ್ರೋಟೀನಿನಲ್ಲಿ (ಸೆಮಾಗ್ಲುಟೈಡ್, ಎಂಜೈಮ್ ಎಲ್ಲ ಈ ಜಾತಿಯವು) ಈ ಚಕ್ಕುಬಂದಿ ಬರೆಯುವ ಕ್ರಮ ಬೇರೆ, ಮೋಟರಿನಲ್ಲಿ ಬೇರೆ, ಮತ್ತು ಮುಂದಿನ ಎಲ್ಲ ಪರಿಣಾಮ ಶುರುವಾಗುದು ಇಲ್ಲಿಂದ.

31 ಮಣಿಗಳ ಸರ

ಪ್ರೋಟೀನ್ ಅಂದ್ರೆ ಮಣಿ ಪೋಣಿಸಿದ ಸರ ಅಂತ ತಿಳ್ಕೊಳ್ಳಿ. ಮಣಿಗಳ ಹೆಸರು ಅಮೈನೋ ಆಮ್ಲ, 20 ಬಗೆ. ಯಾವ ಮಣಿ ಯಾವ ಜಾಗದಲ್ಲಿ ಉಂಟು ಅನ್ನುದರ ಮೇಲೆ ಸರ ಹೇಗೆ ಮಡಚಿಕೊಳ್ತದೆ, ಮಡಚಿಕೊಂಡ ಆಕಾರದ ಮೇಲೆ ಅದು ಎಂಥ ಕೆಲಸ ಮಾಡ್ತದೆ ಅಂತ ನಿರ್ಧಾರ. ಒಂದೆರಡು ಮಣಿ ಬದಲಾಯಿಸಿ ಕೆಲಸವನ್ನು ಬೇಕಾದ ಹಾಗೆ ತಿದ್ದುದೇ ಪ್ರೋಟೀನ್ ಎಂಜಿನಿಯರಿಂಗ್.

ಸೆಮಾಗ್ಲುಟೈಡನ್ನೇ ನೋಡಿ. ಊಟ ಮಾಡಿದಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಹೊರಡ್ತದೆ, ಇನ್ಸುಲಿನ್ ಹೆಚ್ಚಿಸ್ತದೆ, ಹೊಟ್ಟೆ ತುಂಬಿತು ಅಂತ ಮಿದುಳಿಗೆ ಹೇಳ್ತದೆ. ಆದ್ರೆ ರಕ್ತದಲ್ಲಿ ಅದರ ಆಯಸ್ಸು ಸುಮಾರು 2 ನಿಮಿಷ, ಡಿಪಿಪಿ-4 ಅನ್ನುವ ಎಂಜೈಮ್ ಬಂದು ಕತ್ತರಿಸಿ ಬಿಡ್ತದೆ, ಹಾಗಾಗಿ ಇದ್ದ ಹಾಗೇ ಇಂಜೆಕ್ಷನ್ ಕೊಟ್ರೆ ಪ್ರಯೋಜನ ಇಲ್ಲ. ವಿಜ್ಞಾನಿಗಳು ಮಾಡಿದ್ದು ಏನಂದ್ರೆ, 31 ಮಣಿಗಳ ಈ ಸರದಲ್ಲಿ ಕತ್ತರಿ ಬೀಳುವ 8ನೇ ಸ್ಥಾನದ ಮಣಿಯನ್ನು ಕತ್ತರಿಗೆ ಸಿಗದ ಇನ್ನೊಂದಕ್ಕೆ ಬದಲಾಯಿಸಿದ್ರು, 34ನೇ ಸ್ಥಾನದಲ್ಲಿ ಇನ್ನೊಂದು ಬದಲಾವಣೆ, 26ನೇ ಸ್ಥಾನಕ್ಕೆ ಒಂದು ಕೊಬ್ಬಿನ ಬಾಲ ಕಟ್ಟಿದ್ರು. (ಸ್ಥಾನದ ಲೆಕ್ಕ ಮೂಲ ಹಾರ್ಮೋನಿನ 7ರಿಂದ ಶುರು ಆಗ್ತದೆ, ಅದಕ್ಕೇ 31 ಮಣಿಯ ಸರದಲ್ಲಿ 34ನೇ ಸ್ಥಾನ.) ಆ ಬಾಲ ರಕ್ತದ ಆಲ್ಬುಮಿನ್ ಅನ್ನುವ ದೊಡ್ಡ ಪ್ರೋಟೀನನ್ನು ಹಿಡ್ಕೊಂಡು ತಿರುಗ್ತದೆ, ಕಿಡ್ನಿಯಲ್ಲಿ ಸೋಸಿ ಹೋಗುದಿಲ್ಲ. ಮೊದಲು 2 ನಿಮಿಷದಲ್ಲಿ ಅರ್ಧಕ್ಕೆ ಇಳೀತಾ ಇದ್ದದ್ದಕ್ಕೆ ಈಗ ಸುಮಾರು ಒಂದು ವಾರ ಬೇಕು. ಅದಕ್ಕೇ ವಾರಕ್ಕೆ ಒಂದೇ ಇಂಜೆಕ್ಷನ್.

ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ದೊಡ್ಡ ಪೇಟೆಂಟಾ ಅಂತ ಕೇಳುವವರು ಉಂಟು. ಬದಲಾವಣೆ ಸಣ್ಣದು, ಆದ್ರೆ ಯಾವ ಮಣಿ ಅಂತ ಹುಡುಕುದು ಸಣ್ಣದಲ್ಲ. 100 ಮಣಿಯ ಸರಕ್ಕೆ ಇರುವ ಸಾಧ್ಯತೆಗಳ ಸಂಖ್ಯೆ ಬರೆದ್ರೆ 131 ಅಂಕಿ ಬರ್ತದೆ, ಕಾಣುವ ಬ್ರಹ್ಮಾಂಡದ ಪರಮಾಣುಗಳ ಲೆಕ್ಕವೂ ಅದರ ಮುಂದೆ ಏನೂ ಅಲ್ಲ. ಬಟ್ಟೆ ಒಗೆಯುವ ಪೌಡರಿನಲ್ಲಿ ಇರುವ ಸಬ್ಟಿಲೈಸಿನ್ ಎಂಜೈಮ್ 275 ಮಣಿಯದ್ದು, ಬ್ಲೀಚ್ ತಾಗಿದ್ರೆ ಕೆಲಸ ನಿಲ್ಲಿಸ್ತಿತ್ತು, 1980ರ ದಶಕದಲ್ಲಿ ಅದರ 222ನೇ ಸ್ಥಾನದ ಒಂದೇ ಒಂದು ಮಣಿ ಬದಲಾಯಿಸಿದ ಮೇಲೆ ಬ್ಲೀಚಿಗೆ ಬಗ್ಗದ ಹಾಗಾಯ್ತು. ಒಂದು ಸರ್ತಿ ಗೊತ್ತಾದ ಮೇಲೆ ಯಾರಿಗೂ ಸುಲಭ. ಹುಡುಕುವ ಖರ್ಚು ಒಬ್ಬರದ್ದು, ನಕಲು ಮಾಡುವ ಲಾಭ ಎಲ್ಲರದ್ದು ಅಂತಾದ್ರೆ ಹುಡುಕುವವರೇ ಇರುದಿಲ್ಲ ಅನ್ನುದು ಪೇಟೆಂಟ್ ಪರ ಇರುವವರ ವಾದ, ಅದರಲ್ಲಿ ಹುರುಳುಂಟು.

ನಮ್ಮ ಕಾಯ್ದೆಯ 3(ಸಿ) ಸೆಕ್ಷನ್ ಪ್ರಕಾರ ಪ್ರಕೃತಿಯಲ್ಲಿ ಇದ್ದದ್ದನ್ನು ಕಂಡುಹಿಡಿದ್ರೆ ಅದು ಆವಿಷ್ಕಾರ ಅಲ್ಲ. ಇದು ಕರಾವಳಿಯ ಲ್ಯಾಬುಗಳಿಗೆ ನೇರ ಸಂಬಂಧಪಟ್ಟ ವಿಷಯ. ಬಂಗುಡೆಯ ಹೊಟ್ಟೆಯಲ್ಲಿ ಪ್ರೋಟೀನ್ ಒಡೆಯುವ ಒಂದು ಎಂಜೈಮ್ ಸಿಕ್ಕಿತು, ಮೀನು ಕತ್ತರಿಸಿ ಉಳಿದ ಮಂಡೆ, ಮುಳ್ಳು, ಕರುಳನ್ನು ಅದು ಚೆನ್ನಾಗಿ ಕರಗಿಸ್ತದೆ ಅಂತ ಇಟ್ಕೊಳ್ಳುವ. ಆ ಎಂಜೈಮಿಗೇ ಪೇಟೆಂಟ್ ಸಿಗ್ಲಿಕ್ಕಿಲ್ಲ, ಅದು ಬಂಗುಡೆಯದ್ದು. ಅದರ ಮಣಿ ತಿದ್ದಿ, ನಮ್ಮ ಸೆಕೆಗೂ ಉಪ್ಪು ನೀರಿಗೂ ತಡೆಯುವ ಹಾಗೆ ಮಾಡಿ ತೋರಿಸಿದ್ರೆ ಆಗ ಕೇಳ್ಬಹುದು. ಅದರ ಜೊತೆಗೆ ಜೀವವೈವಿಧ್ಯ ಕಾಯ್ದೆ ಕೂಡ ಉಂಟು, 2023ರ ತಿದ್ದುಪಡಿ ಆದ ಮೇಲೆ ಇಲ್ಲಿನವರು ಪೇಟೆಂಟ್ ಸಿಗುವ ಮುಂಚೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡ್ಬೇಕು, ವ್ಯಾಪಾರಕ್ಕೆ ಇಳಿಯುವಾಗ ಅನುಮತಿ ತಗೊಳ್ಬೇಕು.

ಚಕ್ಕುಬಂದಿ ಎಷ್ಟು ಅಗಲ ಬರೀಬಹುದು?

ಪ್ರೋಟೀನ್ ಪೇಟೆಂಟಿನ ದೊಡ್ಡ ಜಗಳ ಇದೇ. ನಾನು ಕಂಡುಹಿಡಿದ ಸರ ಮಾತ್ರ ನನ್ನದು ಅಂತ ಬರೆದ್ರೆ ಪಕ್ಕದವ ಒಂದು ಮಣಿ ಬದಲಾಯಿಸಿ ತಪ್ಪಿಸ್ಕೊಳ್ತಾನೆ. ಹಾಗಾಗಿ ಕಂಪನಿಗಳು ಅಗಲ ಬರೀತವೆ, ಈ ಸರಕ್ಕೆ ಶೇಕಡಾ 90 ಹೋಲುವ ಎಲ್ಲವೂ ನಮ್ಮದು ಅಂತ, ಅಥವಾ ಈ ಕೆಲಸ ಮಾಡುವ ಎಲ್ಲ ಪ್ರೋಟೀನ್ ನಮ್ಮದು ಅಂತ.

ಅಮೆರಿಕದ ಆಮ್ಜೆನ್ ಕಂಪನಿ ಮಾಡಿದ್ದು ಎರಡನೆಯದ್ದು. ಕೆಟ್ಟ ಕೊಲೆಸ್ಟರಾಲನ್ನು ಇಳಿಸ್ಲಿಕ್ಕೆ ಪಿಸಿಎಸ್‌ಕೆ9 ಅನ್ನುವ ಪ್ರೋಟೀನನ್ನು ತಡೆಯುವ 26 ಆಂಟಿಬಾಡಿಗಳ (ಗುರಿಯ ಮೇಲೆ ಅಂಟಿಕೊಳ್ಳುವ ಪ್ರೋಟೀನುಗಳ) ಸರವನ್ನು ಅದು ಬರೆದು ಕೊಟ್ಟಿತ್ತು, ಆದ್ರೆ ಹಕ್ಕು ಕೇಳಿದ್ದು ಅದೇ ಜಾಗಕ್ಕೆ ಅಂಟಿಕೊಂಡು ಅದೇ ಕೆಲಸ ಮಾಡುವ ಎಲ್ಲ ಆಂಟಿಬಾಡಿಗಳ ಮೇಲೆ, ಅಂಥವು ಲಕ್ಷಗಟ್ಟಲೆ ಇರ್ಬಹುದು. ಎದುರಾಳಿ ಸನೋಫಿ ಕಂಪನಿ. 2023ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆಮ್ಜೆನ್ ವಿರುದ್ಧ ತೀರ್ಪು ಕೊಟ್ಟಿತು: ಇಡೀ ವರ್ಗವೇ ಬೇಕು ಅಂತ ಕೇಳಿದ್ರೆ ಇಡೀ ವರ್ಗವನ್ನು ಹೇಗೆ ಮಾಡುದು ಅಂತ ಹೇಳಿಕೊಡ್ಬೇಕು, ಮುಂದಿನವರು ಪುನಃ ಮೊದಲಿಂದ ಹುಡುಕ್ಬೇಕು ಅಂತಾದ್ರೆ ಅದು ಹೇಳಿಕೊಟ್ಟ ಹಾಗೆ ಆಗುದಿಲ್ಲ ಅಂತ.

ಆ ತೀರ್ಪಿನಲ್ಲಿ ಕೋರ್ಟ್ ನೆನಪಿಸಿದ ಒಂದು ಹಳೆ ಕೇಸ್ ಉಂಟು, 1895ರದ್ದು. ಸಾಯರ್ ಮತ್ತು ಮ್ಯಾನ್ ಅನ್ನುವವರು ಬಲ್ಬಿನ ಒಳಗಿನ ತಂತಿಗೆ ಸುಟ್ಟು ಇದ್ದಿಲು ಮಾಡಿದ ಕಾಗದ ಬಳಸಿದ್ರು, ಪೇಟೆಂಟಿನಲ್ಲಿ ಮಾತ್ರ ನಾರು ಇರುವ ಎಲ್ಲ ವಸ್ತುವೂ ನಮ್ಮದು ಅಂತ ಬರೆದಿದ್ರು. ಎಡಿಸನ್ ಕಡೆಯವರು ಸಾವಿರಾರು ಗಿಡಮರಗಳ ನಾರು ಪರೀಕ್ಷೆ ಮಾಡಿದಾಗ ಹೆಚ್ಚಿನವು ಕೆಲಸಕ್ಕೇ ಬರ್ಲಿಲ್ಲ, ಕೊನೆಗೆ ಒಂದು ಜಾತಿಯ ಬಿದಿರು ಒದಗಿತು. ಎಲ್ಲ ನಾರೂ ನಿಮ್ಮದಾದ್ರೆ ಯಾವ ನಾರು ಉರೀತದೆ ಅಂತ ನೀವು ಯಾಕೆ ಹೇಳ್ಲಿಲ್ಲ ಅನ್ನುದು ಕೋರ್ಟಿನ ಪ್ರಶ್ನೆ. ಬಿದಿರಿನ ನಾರಿಗೆ ಹೇಳಿದ ನ್ಯಾಯವೇ ಆಂಟಿಬಾಡಿಗೂ ಬಂತು.

ನಮ್ಮಲ್ಲೂ ಹತ್ತಿರದ ಜಗಳ ನಡೆದಿದೆ. ಸೆಮಾಗ್ಲುಟೈಡಿಗೆ ಭಾರತದಲ್ಲಿ ಎರಡು ಪೇಟೆಂಟ್ ಇದ್ವು, ಒಂದು ಅಗಲದ್ದು, ಅದು 2024ರಲ್ಲಿ ಮುಗೀತು, ಇನ್ನೊಂದು ಈ ಮದ್ದಿನದ್ದೇ, ಅದರ ಅವಧಿ 2026ರ ಮಾರ್ಚಿನ ವರೆಗೆ. ಮೊದಲನೆಯದ್ರ ಒಳಗೇ ಇದ್ದದ್ದಕ್ಕೆ ಇನ್ನೊಮ್ಮೆ ಪೇಟೆಂಟ್ ಯಾಕೆ ಅಂತ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ವಾದ ಮಾಡಿತು. 2025ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, ಪೇಟೆಂಟ್ ಇಲ್ಲದ ದೇಶಗಳಿಗೆ ಕಳಿಸ್ಲಿಕ್ಕೆ ಅಂತ ಮದ್ದು ತಯಾರಿಸುದನ್ನು ತಡೀಲಿಲ್ಲ.

ಮೋಟರನ್ನು ಬಿಚ್ಚಿದ್ರೆ ಎಲ್ಲ ಕಾಣ್ತದೆ

ಈಗ ಮೋಟರಿಗೆ ಬನ್ನಿ. ಅಡಿಕೆ ತೋಟದ ಪಂಪಿನ ಒಳಗೆ ಇರುವ ಇಂಡಕ್ಷನ್ ಮೋಟರಿಗೆ ನಿಕೋಲಾ ಟೆಸ್ಲಾ ಪೇಟೆಂಟ್ ತಗೊಂಡದ್ದು 1888ರ ಮೇ 1ರಂದು, ವೆಸ್ಟಿಂಗ್‌ಹೌಸ್ ಕಂಪನಿ ಅದರ ಹಕ್ಕು ಪಡೆಯಿತು. ಇಟಲಿಯ ಗೆಲಿಲಿಯೋ ಫೆರಾರಿಸ್ ಇದೇ ತತ್ವವನ್ನು ಸ್ವತಂತ್ರವಾಗಿ ಕಂಡುಹಿಡಿದಿದ್ರು, ಪೇಟೆಂಟಿಗೆ ಹೋಗ್ಲಿಲ್ಲ. ಆಗಿನ ಅಮೆರಿಕದ ನಿಯಮದಲ್ಲಿ 17 ವರ್ಷ, 1905ಕ್ಕೆ ಮುಗೀತು. ಆಮೇಲೆ ಲೋಕ ಇಡೀ ಅದನ್ನು ಮಾಡಿತು, ಸುಟ್ಟು ಹೋದದ್ದನ್ನು ಇವತ್ತು ಯಾವುದೇ ಪೇಟೆಯ ವೈಂಡಿಂಗ್ ಅಂಗಡಿಯಲ್ಲಿ ಬಿಚ್ಚಿ ತಾಮ್ರದ ತಂತಿ ಸುತ್ತಿ ಕೊಡ್ತಾರೆ.

ಮೋಟರ್ ಪೇಟೆಂಟಿನ ಸ್ವಭಾವ ಇದರಲ್ಲೇ ಕಾಣ್ತದೆ. ಆಕಾರ ಕಣ್ಣಿಗೆ ಬೀಳ್ತದೆ, ಹಾಗಾಗಿ ನಕಲು ಮಾಡುದು ಸುಲಭ, ನಕಲು ಮಾಡಿದ್ದಾರೆ ಅಂತ ಕೋರ್ಟಿನಲ್ಲಿ ತೋರಿಸುದೂ ಸುಲಭ, ಮತ್ತು ಬೇರೆ ದಾರಿಯಲ್ಲಿ ಸುತ್ತಿ ಹೋಗುದೂ ಸುಲಭ. ರೋಟರಿನಲ್ಲಿ ಮ್ಯಾಗ್ನೆಟ್ಟನ್ನು ಓರೆಯಾಗಿ ಎದುರುಬದುರು ಕೂರಿಸುದು ಒಬ್ಬರ ಹಕ್ಕಾದ್ರೆ ಇನ್ನೊಬ್ಬರು ಅದನ್ನು ಎರಡು ಸಾಲು ಮಾಡಿ ಕೂರಿಸ್ತಾರೆ. ಒಬ್ಬರು ವೈಂಡಿಂಗಿನ ಕ್ರಮಕ್ಕೆ ತಗೊಂಡ್ರೆ ಇನ್ನೊಬ್ಬರು ಎಣ್ಣೆ ಹಾಯಿಸಿ ತಂಪು ಮಾಡುವ ಕ್ರಮಕ್ಕೆ ತಗೊಳ್ತಾರೆ. ಬ್ರಿಟನ್ನಿನ ಯಾಸಾ ಕಂಪನಿಯ ಮೋಟರ್ ರೊಟ್ಟಿಯ ಹಾಗೆ ಚಪ್ಪಟೆ, ಕಾಯಿಲುಗಳ ಹಿಂದಿನ ಕಬ್ಬಿಣದ ಬಳೆಯನ್ನೇ ತೆಗೆದು ಹಾಕಿ ತೂಕ ಇಳಿಸಿದ್ರು, ಆಕ್ಸ್‌ಫರ್ಡಿನಿಂದ 2009ರಲ್ಲಿ ಹೊರಟ ಆ ಕಂಪನಿಯನ್ನು 2021ರಲ್ಲಿ ಮರ್ಸಿಡಿಸ್ ಕೊಂಡ್ಕೊಂಡಿತು. ಅಂಥ ಪೇಟೆಂಟಿಗೆ ಒಳ್ಳೆ ಬೆಲೆ ಉಂಟು, ಆದ್ರೆ ಅದು ಇದೆ ಅಂತ ಬೇರೆಯವರು ಮೋಟರ್ ಮಾಡುದು ನಿಲ್ಲುದಿಲ್ಲ, ಬೇರೆ ಜಾತಿಯ ಮೋಟರ್ ಮಾಡ್ತಾರೆ.

ಸಾಫ್ಟ್‌ವೇರಿನಲ್ಲಿ ಇರುವ ಜಾಣತನಕ್ಕೆ, ಅಂದ್ರೆ ಮೋಟರಿಗೆ ಕರೆಂಟ್ ಹೇಗೆ ಬಿಡ್ಬೇಕು ಅನ್ನುವ ಲೆಕ್ಕಕ್ಕೆ, ನಮ್ಮಲ್ಲಿ 3(ಕೆ) ಸೆಕ್ಷನ್ ಅಡ್ಡ ಬರ್ತದೆ. ಬರೀ ಪ್ರೋಗ್ರಾಂ ಅಥವಾ ಬರೀ ಅಲ್ಗಾರಿದಂ ಆದ್ರೆ ಪೇಟೆಂಟ್ ಇಲ್ಲ.

ಮ್ಯಾಗ್ನೆಟ್ ಮಾತ್ರ ಈ ಲೆಕ್ಕಕ್ಕೆ ಸಿಗುದಿಲ್ಲ

ಮೋಟರಿನ ಒಳಗೆ ಒಂದು ವಸ್ತು ಮಾತ್ರ ಪ್ರೋಟೀನಿನ ಹಾಗೆ ವರ್ತಿಸ್ತದೆ. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡುವ ಮ್ಯಾಗ್ನೆಟ್.

ಅದಕ್ಕಿಂತ ಮುಂಚೆ ಬಲವಾದ ಮ್ಯಾಗ್ನೆಟ್ಟಿಗೆ ಕೋಬಾಲ್ಟ್ ಬೇಕಿತ್ತು, ಕೋಬಾಲ್ಟ್ ಬರ್ತಾ ಇದ್ದದ್ದು ಹೆಚ್ಚಾಗಿ ಆಫ್ರಿಕದ ಝೈರ್ ದೇಶದಿಂದ, 1978ರಲ್ಲಿ ಅಲ್ಲಿ ಗಲಭೆಯಾಗಿ ಬೆಲೆ ಗಗನಕ್ಕೆ ಹೋಯ್ತು. ಕೋಬಾಲ್ಟ್ ಇಲ್ಲದ ಮ್ಯಾಗ್ನೆಟ್ ಬೇಕು ಅಂತ ಎಲ್ಲರೂ ಹುಡುಕ್ಲಿಕ್ಕೆ ಹೊರಟ್ರು, ಜಪಾನಿನ ಸುಮಿಟೊಮೊದಲ್ಲಿ ಮಸಾಟೊ ಸಗಾವ, ಅಮೆರಿಕದ ಜನರಲ್ ಮೋಟರ್ಸಿನಲ್ಲಿ ಜಾನ್ ಕ್ರೋಟ್, ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಒಂದೇ ಸಂಯುಕ್ತಕ್ಕೆ ಬಂದು ಮುಟ್ಟಿದ್ರು, 1983ರಲ್ಲಿ ಎರಡೂ ಕಡೆಯವರು ಪ್ರಕಟಿಸಿದ್ರು. ಜಪಾನಿನವರದ್ದು ಹುಡಿ ಮಾಡಿ ಒತ್ತಿ ಕಾಯಿಸುವ ಕ್ರಮ, ಅಮೆರಿಕದವರದ್ದು ಕರಗಿದ ಲೋಹವನ್ನು ತಿರುಗುವ ಚಕ್ರಕ್ಕೆ ಬಿಟ್ಟು ತಟ್ಟನೆ ತಣಿಸುವ ಕ್ರಮ. ಇಲ್ಲಿ ಸುತ್ತಿ ಹೋಗ್ಲಿಕ್ಕೆ ದಾರಿ ಇರ್ಲಿಲ್ಲ, ಎರಡು ನಿಯೋಡಿಮಿಯಂ, ಹದಿನಾಲ್ಕು ಕಬ್ಬಿಣ, ಒಂದು ಬೋರಾನ್ ಅನ್ನುವ ಆ ಜೋಡಣೆ ಬಿಟ್ರೆ ಅಷ್ಟು ಬಲ ಬರುದಿಲ್ಲ.

ಇನ್ನೊಂದು ಲೋಹದ ಹೆಸರು ನೆನಪಿಡಿ, ಡಿಸ್ಪ್ರೋಸಿಯಂ. ಸಾಮಾನ್ಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿಯ ಆಸುಪಾಸಿನಲ್ಲೇ ಬಲ ಕಳ್ಕೊಳ್ಳಿಕ್ಕೆ ಶುರು ಮಾಡ್ತದೆ. ಲೋಡ್ ಹಾಕ್ಕೊಂಡು ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಹತ್ತುವ ಗಾಡಿಯ ಮೋಟರ್ ಅದಕ್ಕಿಂತ ತುಂಬ ಹೆಚ್ಚು ಬಿಸಿ ಆಗ್ತದೆ. ಸ್ವಲ್ಪ ಡಿಸ್ಪ್ರೋಸಿಯಂ ಸೇರಿಸಿದ್ರೆ ಆ ಬಿಸಿ ತಡೀತದೆ. ಮತ್ತೆ ಈ ಮ್ಯಾಗ್ನೆಟ್ಟಿಗೆ ತುಕ್ಕು ಬೇಗ, ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ ಬರಿ ಮೈಯಲ್ಲಿ ಇಟ್ರೆ ಪುಡಿ ಪುಡಿ, ಅದಕ್ಕೇ ನಿಕ್ಕಲ್ ಲೇಪ ಕೊಡುದು.

2025ರ ಏಪ್ರಿಲ್ 4ರಂದು ಚೀನಾ 7 ಅಪರೂಪದ ಲೋಹಗಳಿಗೂ (ರೇರ್ ಅರ್ತ್) ಅವುಗಳನ್ನು ಹಾಕಿದ ಮ್ಯಾಗ್ನೆಟ್ಟುಗಳಿಗೂ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ಡಿಸ್ಪ್ರೋಸಿಯಂ ಆ ಏಳರಲ್ಲಿ ಒಂದು. ಲೋಕದ ಈ ಜಾತಿಯ ಮ್ಯಾಗ್ನೆಟ್ಟಿನಲ್ಲಿ ಸುಮಾರು ಶೇಕಡಾ 90 ಚೀನಾದಲ್ಲೇ ತಯಾರಾಗುದು. ಒಂದು ಎಲೆಕ್ಟ್ರಿಕ್ ಕಾರಿಗೆ ಬೇಕಾದದ್ದು ಒಂದೆರಡು ಕೆಜಿ, ಆದ್ರೆ ಆ ಒಂದೆರಡು ಕೆಜಿ ಇಲ್ಲದಿದ್ರೆ ಕಾರೇ ಇಲ್ಲ.

ಬೀಗ ತೆಗೆದ ಮೇಲೆ ಏನು?

ಸೆಮಾಗ್ಲುಟೈಡಿನ ಪೇಟೆಂಟ್ ಮುಗಿಯುವ ಮುಂಚೆಯೇ ಭಾರತದ ಹಲವು ಕಂಪನಿಗಳು ತಯಾರಾಗಿ ಕೂತಿದ್ವು. 2025ರ ಜೂನಿನಲ್ಲಿ ಮೂಲ ಕಂಪನಿ ನೋವೋ ನಾರ್ಡಿಸ್ಕ್ ವೆಗೋವಿ ಹೆಸರಲ್ಲಿ ಇದನ್ನು ಇಲ್ಲಿ ಬಿಟ್ಟಾಗ ಶುರುವಿನ ಡೋಸಿಗೇ ತಿಂಗಳಿಗೆ 17,000 ರೂಪಾಯಿಗಿಂತ ಮೇಲೆ ಇತ್ತು, ಅದೇ ವರ್ಷ ನವೆಂಬರಿನಲ್ಲಿ ಕಂಪನಿ ತಾನೇ ಬೆಲೆ ಇಳಿಸಿತು. ಸ್ಪರ್ಧೆ ಬರುದಕ್ಕೆ ಮುಂಚೆಯೇ ಅದರ ನೆರಳು ಬೆಲೆಯ ಮೇಲೆ ಬಿತ್ತು.

ನಮ್ಮವರಿಗೆ ಆ ಶಕ್ತಿ ಬಂದದ್ದು ಹೇಗೆ? 1972ರಲ್ಲಿ ಜಾರಿಗೆ ಬಂದ ನಮ್ಮ ಪೇಟೆಂಟ್ ಕಾಯ್ದೆ ಮದ್ದಿಗೆ ಪೇಟೆಂಟ್ ಕೊಡ್ತಾ ಇರ್ಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ ಕೊಡ್ತಿತ್ತು. ಹಾಗಾಗಿ 30 ವರ್ಷಕ್ಕೂ ಹೆಚ್ಚು ಕಾಲ ನಮ್ಮ ಕಂಪನಿಗಳು ಒಂದೇ ಮದ್ದನ್ನು ಬೇರೆ ಬೇರೆ ವಿಧಾನದಲ್ಲಿ ಮಾಡಿ ಮಾಡಿ ಕೈ ಪಳಗಿಸ್ಕೊಂಡ್ವು, 2005ರಲ್ಲಿ ವಸ್ತುವಿಗೇ ಪೇಟೆಂಟ್ ಬಂದಾಗ ಕೌಶಲ ಆಗ್ಲೇ ಮನೆಯೊಳಗೆ ಇತ್ತು. ಬೆಂಗಳೂರಿನ ಬಯೋಕಾನ್ 1978ರಲ್ಲಿ ಶುರು ಮಾಡಿದ್ದು ಪಪ್ಪಾಯಿ ಹಾಲಿನ ಪಪೈನ್ ಎಂಜೈಮ್ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್ ಎಕ್ಸ್‌ಪೋರ್ಟ್ ಮಾಡಿ. ಅಲ್ಲಿಂದ 2004ರಲ್ಲಿ ಇನ್ಸುಲಿನ್, 2021ರಲ್ಲಿ ಅದರ ಗ್ಲಾರ್ಜಿನ್ ಇನ್ಸುಲಿನನ್ನು ಮೂಲ ಮದ್ದಿನ ಬದಲಿಗೆ ಅಂಗಡಿಯಲ್ಲೇ ಕೊಡಬಹುದು ಅಂತ ಅಮೆರಿಕ ಒಪ್ಪಿತು, ಬಯೋಸಿಮಿಲರ್, ಅಂದ್ರೆ ಮೂಲ ಪ್ರೋಟೀನ್ ಮದ್ದನ್ನು ಹೋಲುವ ಮದ್ದುಗಳಲ್ಲಿ ಆ ಒಪ್ಪಿಗೆ ಪಡೆದ ಮೊದಲನೆಯದ್ದು ಅದು. ಮೀನಿನ ಗಾಳಿಚೀಲದಿಂದ ಅಲ್ಲಿಗೆ 43 ವರ್ಷ. ಈ ದಾರಿಯಲ್ಲಿ ಅಡ್ಡದಾರಿ ಇರ್ಲಿಲ್ಲ.

ಮ್ಯಾಗ್ನೆಟ್ಟಿನಲ್ಲಿ ಆದದ್ದು ಇದರ ಉಲ್ಟಾ. ಜನರಲ್ ಮೋಟರ್ಸ್ ತನ್ನ ಮ್ಯಾಗ್ನೆಟ್ ವಿಭಾಗ ಮ್ಯಾಗ್ನಿಕ್ವೆಂಚನ್ನು 1995ರಲ್ಲಿ ಚೀನಾದ ಪಾಲುದಾರರಿದ್ದ ಒಂದು ಗುಂಪಿಗೆ ಮಾರಿತು, ಕೆಲವು ವರ್ಷದಲ್ಲಿ ಉತ್ಪಾದನೆ ಚೀನಾಕ್ಕೆ ಹೋಯ್ತು. ಹೋದದ್ದು ಮೆಷಿನ್ ಮಾತ್ರ ಅಲ್ಲ, ಅದನ್ನು ನಡೆಸುವವರ ಕೈಯ ಜ್ಞಾನವೂ ಹೋಯ್ತು. ಯಾಕಂದ್ರೆ ಈ ಮ್ಯಾಗ್ನೆಟ್ ಮಾಡುದು ಪೇಟೆಂಟ್ ಓದಿ ಬರುವ ಕೆಲಸ ಅಲ್ಲ. ಅಪರೂಪದ ಲೋಹಗಳು ಗುಣದಲ್ಲಿ ಅಣ್ಣತಮ್ಮಂದಿರ ಹಾಗೆ, ಒಂದನ್ನೊಂದು ಬೇರ್ಪಡಿಸ್ಲಿಕ್ಕೆ ನೂರಾರು ಹಂತಗಳಲ್ಲಿ ದ್ರಾವಕದಿಂದ ದ್ರಾವಕಕ್ಕೆ ದಾಟಿಸ್ಬೇಕು. ಆಮೇಲೆ ಮಿಶ್ರಲೋಹ, ಅದನ್ನು ಕೆಲವೇ ಮೈಕ್ರಾನಿನ ಹುಡಿ ಮಾಡ್ಬೇಕು, ಆ ಹುಡಿ ಗಾಳಿ ತಾಗಿದ್ರೆ ತಾನೇ ಬೆಂಕಿ ಹಿಡೀತದೆ. ಮ್ಯಾಗ್ನೆಟಿಕ್ ಫೀಲ್ಡಿನಲ್ಲಿ ಇಟ್ಟು ಒತ್ತಿ, 1,000 ಡಿಗ್ರಿ ಮೇಲೆ ಕಾಯಿಸಿ, ಕೊಯ್ದು, ಲೇಪ ಹಾಕಿ, ಇದರಲ್ಲಿ ಯಾವ ಹಂತದಲ್ಲಿ ಆಮ್ಲಜನಕ ಸ್ವಲ್ಪ ಹೆಚ್ಚು ಸೇರಿದ್ರೂ ಮಾಲು ಹಾಳು.

ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನ ಮೊನಝೈಟ್ ಅನ್ನುವ ಖನಿಜದಲ್ಲಿ ನಿಯೋಡಿಮಿಯಂ ಉಂಟು. ಕೇಂದ್ರ ಸರ್ಕಾರದ ಐಆರ್‌ಇಎಲ್ ಸಂಸ್ಥೆ ಅದನ್ನು ತೆಗೆಯುವ ಕೆಲಸವನ್ನೂ ಮಾಡ್ತದೆ. ಮೂಲ ಪೇಟೆಂಟಿನ ಅಡ್ಡಿಯೂ ಈಗ ಇಲ್ಲ. ಇಲ್ಲದೇ ಇದ್ದದ್ದು ಮರಳಿಗೂ ಮೋಟರಿಗೂ ನಡುವಿನ ಫ್ಯಾಕ್ಟರಿ. ಇಂಜೆಕ್ಷನ್ನಿನಲ್ಲಿ ನಮ್ಮನ್ನು ನಿಲ್ಲಿಸಿದ್ದು ಪೇಟೆಂಟ್ ಮಾತ್ರ, ಅದು ಹೋದ ಕೂಡ್ಲೆ ಹೆಜ್ಜೆ ಇಟ್ಟಾಯ್ತು. ಮ್ಯಾಗ್ನೆಟ್ಟಿನಲ್ಲಿ ನಾವು 30 ವರ್ಷ ಕೈ ಪಳಗಿಸ್ಲೇ ಇಲ್ಲ, ಅದನ್ನು ಈಗ ಪೇಟೆಂಟ್ ಲೆಕ್ಕದಲ್ಲಿ ತುಂಬ್ಲಿಕ್ಕೆ ಆಗುದಿಲ್ಲ.

ಯಾರ ವಾದ ಏನು

ಮದ್ದಿನ ಮೂಲ ಕಂಪನಿಗಳು ಹೇಳುದು, 20 ವರ್ಷದಲ್ಲಿ ಅರ್ಧ ಪರೀಕ್ಷೆಗಳಲ್ಲೇ ಕಳೀತದೆ, ಸೋತ ಹತ್ತಾರು ಮದ್ದಿನ ಖರ್ಚನ್ನು ಗೆದ್ದ ಒಂದರಿಂದ ತೆಗೀಬೇಕು ಅಂತ. ಇದಕ್ಕೆ ಎದುರು ವಾದ, ಹಳೆ ಮದ್ದಿಗೆ ಹೊಸ ಅಂಗಿ ತೊಡಿಸಿ ಪುನಃ 20 ವರ್ಷ ಕೇಳ್ತಾರೆ ಅಂತ. ನಮ್ಮ 3(ಡಿ) ಸೆಕ್ಷನ್ ಇದಕ್ಕೇ ಬಂದದ್ದು: ಗೊತ್ತಿರುವ ವಸ್ತುವಿನ ಹೊಸ ರೂಪ ಹೆಚ್ಚು ಪರಿಣಾಮ ಕೊಡ್ತದೆ ಅಂತ ತೋರಿಸದೆ ಪೇಟೆಂಟ್ ಇಲ್ಲ. ಇದರ ಆಧಾರದಲ್ಲೇ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಕ್ಯಾನ್ಸರ್ ಮದ್ದಿಗೆ ಪೇಟೆಂಟ್ ನಿರಾಕರಿಸಿತು. ಅದಕ್ಕೆ ಒಂದು ವರ್ಷ ಮುಂಚೆ ಬೇಯರ್ ಕಂಪನಿಯ ಇನ್ನೊಂದು ಕ್ಯಾನ್ಸರ್ ಮದ್ದು ನೆಕ್ಸಾವರನ್ನು ಮಾಡ್ಲಿಕ್ಕೆ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇದ್ದವರು ಒಪ್ಪದಿದ್ರೂ ಸರ್ಕಾರ ಕೊಡುವ ಅನುಮತಿ) ಸಿಕ್ಕಿ, ತಿಂಗಳಿಗೆ 2.8 ಲಕ್ಷ ಇದ್ದದ್ದು 8,880 ರೂಪಾಯಿಗೆ ಇಳೀತು. ಈ ಎರಡು ಸಂಖ್ಯೆ ನೋಡಿದವರು ಇಂಥ ನಿಯಮಗಳನ್ನು ಸಡಿಲ ಮಾಡ್ಬೇಕು ಅನ್ನುವ ಒತ್ತಡವನ್ನು ಒಪ್ಪುದು ಕಷ್ಟ, ಈ ಬರಹವೂ ಒಪ್ಪುದಿಲ್ಲ.

ಮೋಟರ್ ಲೋಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸ್ತಾ ಉಂಟು. 2014ರಲ್ಲಿ ಟೆಸ್ಲಾ ಕಂಪನಿ ಒಳ್ಳೆ ಮನಸ್ಸಿನಿಂದ ಬಳಸುವವರ ಮೇಲೆ ಕೇಸ್ ಹಾಕುದಿಲ್ಲ ಅಂತ ತನ್ನ ಪೇಟೆಂಟ್ ತೆರೆದಿಟ್ಟಿತು. 2019ರಲ್ಲಿ ಟೊಯೋಟ ಮೋಟರ್ ಮತ್ತು ಅದರ ಕಂಟ್ರೋಲಿಗೆ ಸಂಬಂಧಪಟ್ಟ ಸುಮಾರು 23,740 ಪೇಟೆಂಟುಗಳನ್ನು 2030ರ ಕೊನೆವರೆಗೆ ಫ್ರೀ ಅಂತ ಹೇಳಿತು. ಇದರಲ್ಲಿ ಔದಾರ್ಯ ಇಲ್ಲ ಅಂತ ಅಲ್ಲ, ಲೆಕ್ಕಾಚಾರವೂ ಉಂಟು: ಬೇರೆಯವರೂ ಅದೇ ಕ್ರಮ ಹಿಡಿದ್ರೆ ಬಿಡಿಭಾಗ ಅಗ್ಗ ಆಗ್ತದೆ, ಮಾರ್ಕೆಟ್ ಬೆಳೀತದೆ. ಸುತ್ತಿ ಹೋಗ್ಲಿಕ್ಕೆ ದಾರಿ ಇರುವ ಪೇಟೆಂಟನ್ನು ಬಿಟ್ಟುಕೊಟ್ರೆ ನಷ್ಟ ಕಡಿಮೆ. ಮದ್ದಿನ ಕಂಪನಿ ಹೀಗೆ ಮಾಡುದನ್ನು ನಾವು ನೋಡುದಿಲ್ಲ, ಅದಕ್ಕೆ ಕಾರಣ ಆ ಕಂಪನಿಗಳು ಹೆಚ್ಚು ಆಸೆಬುರುಕ ಅಂತ ಅಲ್ಲ, ಅವರಿಗೆ ಆ ಒಂದು ಸರ ಬಿಟ್ರೆ ಬೇರೆ ಏನೂ ಉಳಿಯುದಿಲ್ಲ.

ಲೋಕಲ್ ಪುಟದ ಪೇಟೆಂಟ್

ಈಗ ನಮ್ಮ ಊರಿನ ಸುದ್ದಿಗೆ ಬರುವ. ಭಾರತದಲ್ಲಿ 2023-24ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್ ಕೊಟ್ಟಿದ್ದಾರೆ. ಕಾಲೇಜುಗಳ ಪಾಲು ಬೆಳೀಲಿಕ್ಕೆ ಕಾರಣಗಳು ಉಂಟು: 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಫೀಸಿನಲ್ಲಿ ಶೇಕಡಾ 80 ರಿಯಾಯಿತಿ, ಮತ್ತೆ ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಪೇಟೆಂಟಿಗೆ ಮಾರ್ಕು. ಆ ಮಾರ್ಕು ಮಂಜೂರಾದ ಪೇಟೆಂಟಿಗೆ ಮಾತ್ರ ಅಲ್ಲ, ಪ್ರಕಟವಾದ ಅರ್ಜಿಗೂ ಉಂಟು. ಗೊಂದಲದ ಮೂಲ ಇಲ್ಲೇ.

ಅರ್ಜಿ ಹಾಕಿದ 18 ತಿಂಗಳಿಗೆ ಅದು ಪೇಟೆಂಟ್ ಆಫೀಸಿನ ಜರ್ನಲಿನಲ್ಲಿ ತಾನಾಗೇ ಪ್ರಕಟ ಆಗ್ತದೆ, ಸ್ವಲ್ಪ ಹೆಚ್ಚು ಫೀಸ್ ಕಟ್ಟಿ ಬೇಗ ಬೇಕು ಅಂತ ಕೇಳಿದ್ರೆ ತಿಂಗಳೊಳಗೇ. ಆಗ ಅದನ್ನು ಯಾರೂ ಪರೀಕ್ಷೆ ಮಾಡಿರುದಿಲ್ಲ. ಹೊಸದಾ, ಮೊದಲೇ ಇತ್ತಾ, ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದಾ ಅಂತ ನೋಡುದು ಆಮೇಲೆ, ಅದೂ ಪರೀಕ್ಷೆ ಮಾಡಿ ಅಂತ 31 ತಿಂಗಳೊಳಗೆ ಬೇರೆ ಅರ್ಜಿ ಕೊಟ್ರೆ. ಕರ್ನಾಟಕದ ಅರ್ಜಿಗಳು ಚೆನ್ನೈ ಆಫೀಸಿಗೆ ಹೋಗ್ತವೆ, ಪರೀಕ್ಷಕರು ಆಕ್ಷೇಪ ಕಳಿಸ್ತಾರೆ, ಉತ್ತರ ಕೊಡ್ಬೇಕು, ಎಷ್ಟೋ ಅರ್ಜಿ ಅಲ್ಲಿಗೇ ನಿಲ್ತವೆ. ಅಂದ್ರೆ ಪ್ರಕಟ ಆದದ್ದಕ್ಕೆ ಪೇಟೆಂಟ್ ಸಿಕ್ಕಿತು ಅಂತ ಬರೆಯುದು, ಪರೀಕ್ಷೆಗೆ ಹೆಸರು ಕೊಟ್ಟವರನ್ನು ಪಾಸ್ ಅಂತ ಬರೆದ ಹಾಗೆ. ಇನ್ನು ಕೆಲವು ಸುದ್ದಿಯಲ್ಲಿ ಪೇಟೆಂಟ್ ಅಂತ ಬರುದು ಡಿಸೈನ್ ನೋಂದಣಿ, ಅದು 2000ನೇ ಇಸವಿಯ ಬೇರೆಯೇ ಕಾಯ್ದೆ, ಹೊರಗಿನ ರೂಪಕ್ಕೆ ಮಾತ್ರ, ಮೋಟರಿನ ಕವಚ ನೋಡ್ಲಿಕ್ಕೆ ಹೇಗುಂಟು ಅನ್ನುದಕ್ಕೆ. ಮೋಟರ್ ಹೇಗೆ ತಿರುಗ್ತದೆ ಅನ್ನುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇದರಲ್ಲಿ ಬೇಸರದ ವಿಷಯ, ನಿಜವಾಗಿ ಕಷ್ಟಪಟ್ಟು ಪರೀಕ್ಷೆ ದಾಟಿ ಪೇಟೆಂಟ್ ಪಡೆದವರ ಕೆಲಸ ಈ ರಾಶಿಯಲ್ಲಿ ಮುಚ್ಚಿ ಹೋಗ್ತದೆ. ಕರಾವಳಿಯ ಲ್ಯಾಬುಗಳಲ್ಲಿ ಒಳ್ಳೆ ಕೆಲಸ ಮಾಡುವವರು ಉಂಟು, ಅವರಿಗೂ ಒಂದೇ ಫೋಟೋ, ಅರ್ಜಿ ಹಾಕಿದವರಿಗೂ ಅದೇ ಫೋಟೋ.

ವಿದ್ಯಾರ್ಥಿಗಳು ತಿಳ್ಕೊಳ್ಳಲೇಬೇಕಾದ ಒಂದು ವಿಷಯ ಉಂಟು. ಕೆಲವು ಸೀಮಿತ ವಿನಾಯಿತಿ ಬಿಟ್ರೆ, ಅರ್ಜಿ ಹಾಕುವ ಮುಂಚೆ ಪೇಪರ್ ಪ್ರಕಟಿಸಿದ್ರೆ ಅಥವಾ ಪ್ರಾಜೆಕ್ಟ್ ಎಕ್ಸಿಬಿಶನ್ನಿನಲ್ಲಿ ಎಲ್ಲ ಬಿಚ್ಚಿ ತೋರಿಸಿದ್ರೆ ಅದು ಹೊಸತು ಅಂತ ಆಗುದಿಲ್ಲ, ಪೇಟೆಂಟ್ ಹೋಯ್ತು. ತಾತ್ಕಾಲಿಕ ಅರ್ಜಿ ಅಂತ ಒಂದು ಉಂಟು, ಅದನ್ನು ಮೊದಲು ಹಾಕಿ ಪೂರ್ಣ ವಿವರ ಕೊಡ್ಲಿಕ್ಕೆ 12 ತಿಂಗಳು ಸಿಗ್ತದೆ.

ಇನ್ನು ಮುಂದೆ

ಪ್ರೋಟೀನಿನಲ್ಲಿ ಹುಡುಕುವ ಕಷ್ಟವೇ ಕಡಿಮೆ ಆಗ್ತಾ ಉಂಟು. ಆಲ್ಫಾಫೋಲ್ಡ್ ಅನ್ನುವ ಎಐ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರ ಊಹಿಸಿ ಎಲ್ಲರಿಗೂ ಕೊಟ್ಟಿದೆ, ಅದನ್ನು ಮಾಡಿದ ಡೆಮಿಸ್ ಹಸಬಿಸ್ ಮತ್ತು ಜಾನ್ ಜಂಪರ್‌ಗೆ, ಹೊಸ ಪ್ರೋಟೀನನ್ನೇ ಕಂಪ್ಯೂಟರಿನಲ್ಲಿ ಕಟ್ಟುವ ಡೇವಿಡ್ ಬೇಕರ್‌ಗೆ 2024ರ ರಸಾಯನಶಾಸ್ತ್ರ ನೊಬೆಲ್ ಬಂತು. ಹುಡುಕುದು ಸುಲಭ ಆದಷ್ಟೂ, ಇದು ಯಾರಿಗಾದ್ರೂ ಹೊಳೀತಿತ್ತು ಅನ್ನುವ ಆಕ್ಷೇಪಕ್ಕೆ ಬಲ ಬರ್ತದೆ. ಎಐಯನ್ನೇ ಆವಿಷ್ಕಾರಕ ಅಂತ ಬರೀಲಿಕ್ಕೆ ಆಗುದಿಲ್ಲ ಅಂತ ಬ್ರಿಟನ್ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಹೇಳಿ ಆಗಿದೆ. ಸಣ್ಣ ಊರಿನ ಲ್ಯಾಬಿಗೆ ಇದು ಒಳ್ಳೆ ಅವಕಾಶ ಕೂಡ, ದೊಡ್ಡ ಕಂಪನಿಯ ಹಾಗೆ ಸಾವಿರಾರು ಸ್ಯಾಂಪಲ್ ನೋಡುವ ಬದಲು ಕಂಪ್ಯೂಟರಿನಲ್ಲಿ ಸೋಸಿ ಹತ್ತನ್ನು ಮಾಡಿ ನೋಡ್ಬಹುದು. ಆದ್ರೆ ಆ ಹತ್ತನ್ನು ನಿಜವಾಗಿ ಮಾಡಿ ನೋಡ್ಲೇಬೇಕು, ಮೀನಿನ ಮಂಡೆ ಕರಗ್ತದಾ ಇಲ್ವಾ ಅಂತ ಸ್ಕ್ರೀನಿನಲ್ಲಿ ಗೊತ್ತಾಗುದಿಲ್ಲ.

ಮೋಟರಿನಲ್ಲಿ ಎರಡು ದಾರಿ ಒಟ್ಟಿಗೆ ನಡೀತಾ ಉಂಟು. ಒಂದು, ಅಪರೂಪದ ಲೋಹ ಇಲ್ಲದೇ ಮೋಟರ್ ಮಾಡುದು: ಫೆರೈಟ್ ಮ್ಯಾಗ್ನೆಟ್ ಹಾಕಿದವು, ಮ್ಯಾಗ್ನೆಟ್ಟೇ ಇಲ್ಲದ ರಿಲಕ್ಟೆನ್ಸ್ ಮೋಟರ್, ರೋಟರಿಗೂ ತಂತಿ ಸುತ್ತಿ ಕರೆಂಟ್ ಕೊಡುವ ಕ್ರಮ. ಅದೇ ಶಕ್ತಿಗೆ ಇವುಗಳ ಗಾತ್ರ, ತೂಕ ಸಾಮಾನ್ಯವಾಗಿ ಹೆಚ್ಚು, ಆ ಕೊರತೆ ತುಂಬುವ ಪ್ರತಿ ಸಣ್ಣ ಉಪಾಯಕ್ಕೂ ಈಗ ಪೇಟೆಂಟ್ ಬೆಲೆ ಉಂಟು, ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಮನಸ್ಸಿಟ್ಟು ಇಳಿಯಬೇಕಾದ ಜಾಗ ಇದು. ಇನ್ನೊಂದು, ಮ್ಯಾಗ್ನೆಟ್ಟನ್ನು ಇಲ್ಲೇ ಮಾಡುದು. 2025ರ ನವೆಂಬರ್ 26ರಂದು ಕೇಂದ್ರ ಸಂಪುಟ ಇದಕ್ಕೆ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು, ವರ್ಷಕ್ಕೆ 6,000 ಟನ್ ಗುರಿ. ಯೋಜನೆ 7 ವರ್ಷದ್ದು, ಅದರಲ್ಲಿ ಮೊದಲ 2 ವರ್ಷ ಫ್ಯಾಕ್ಟರಿ ಕಟ್ಟುದಕ್ಕೇ ಬೇಕು. ಆ ಫ್ಯಾಕ್ಟರಿಯ ಮೊದಲ ಮಾಲು ಹೊರಗೆ ಬರುವ ವರೆಗೆ ಕದ್ರಿ ಗುಡ್ಡೆಯ ಏರು ಹತ್ತುವ ಎಲೆಕ್ಟ್ರಿಕ್ ಸ್ಕೂಟರಿನ ನಿಯೋಡಿಮಿಯಂ ಮ್ಯಾಗ್ನೆಟ್ ಹೆಚ್ಚಾಗಿ ಚೀನಾದಿಂದಲೇ ಬರ್ಬೇಕು, ಅದರಲ್ಲಿ ಡಿಸ್ಪ್ರೋಸಿಯಂ ಇದ್ರೆ ಅಲ್ಲಿನ ಆಫೀಸಿನಲ್ಲಿ ಲೈಸೆನ್ಸಿಗೆ ಸೀಲ್ ಬಿದ್ದ ಮೇಲೆ.